ಹನ್ನೆರಡನೆಯ ಕೈ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಕಾವಲುಗಾರ ಗುಹೆಯ ಕಬ್ಬಿಣದ ಬಾಗಿಲು ತೆಗೆದ. ಇಪ್ಪತ್ತೆರಡು ವರ್ಷದ ರೂಢಿಯಂತೆ ಟಾರ್ಚ್ ಹಿಡಿದು ಒಳಕೋಣೆಗೆ ಹೋದ. ಗೋಡೆಯ ಮೇಲಿನ ಕೈಗಳನ್ನು ಎಣಿಸಿದ.

ಹನ್ನೊಂದು.

ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದ. ಹನ್ನೊಂದೇ. ಹನ್ನೆರಡನೆಯ ಕೈ ಇರಬೇಕಾದ ಕಡೆ ಬರೀ ಕಲ್ಲು, ಈಗಷ್ಟೇ ಮುಖ ತೊಳೆದಂತೆ ಬಿಳಿಚಿಕೊಂಡು ನಿಂತಿತ್ತು.

ಅವನು ಕೂಗಿಕೊಳ್ಳಲಿಲ್ಲ. ಕೂಗಿದರೂ ದನಿ ಗುಹೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಟಿಕೆಟ್ ಕೋಣೆಯ ಫೋನಿನಿಂದ ಇಲಾಖೆಗೆ ಸುದ್ದಿ ಮುಟ್ಟಿಸಿ, ಮೆಟ್ಟಿಲ ಮೇಲೆ ಕುಳಿತ. ಮಧ್ಯಾಹ್ನ ನಾವು ಹೋದಾಗಲೂ ಅಲ್ಲೇ ಕುಳಿತಿದ್ದ.

ನಾವು ಎಂದರೆ ನಾನು ಮತ್ತು ಸರಪಳಿ ಸಾಹೇಬರು. ನಾನು ಇಲಾಖೆಯ ಸ್ಟೆನೊ, ಜನ ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಅವರು ವಿಚಾರಣಾಧಿಕಾರಿ. ಮೊದಲು ಸರ್ವೆಯರ್ ಆಗಿದ್ದವರು. ಭೂಮಿ ಅಳೆಯುವ ಸರಪಳಿಯನ್ನು ಹೆಗಲ ಮೇಲೆ ಹೊತ್ತು ಅರ್ಧ ಆಯುಸ್ಸು ಕಳೆದದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು. ಈಗಲೂ ಜೇಬಿನಲ್ಲಿ ಅಳತೆಪಟ್ಟಿ ಇಲ್ಲದೆ ಮನೆ ಬಿಡುವುದಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿದೆ. ನಾನೂ ಒಂಟಿಯೇ, ಬಾಡಿಗೆ ಕೋಣೆಯವಳು. ಹನ್ನೊಂದು ವರ್ಷ ಒಂದೇ ಜೀಪಿನಲ್ಲಿ ಓಡಾಡಿದ್ದೇವೆ. ದಾರಿಯುದ್ದಕ್ಕೂ ಮಾತಾಡುವುದು ಕಡಿಮೆ.

"ನಾಳೆ ಸಂಜೆ ಐದಕ್ಕೆ ಸಬ್‌ಇನ್ಸ್‌ಪೆಕ್ಟರ್ ಬರ್ತಾರೆ ಕಣಮ್ಮ" ಎಂದಿದ್ದರು ಜೀಪಿನಲ್ಲಿ. "ಅಷ್ಟರೊಳಗೆ ಬೇರೆ ಹೆಸರು ಸಿಗದೆ ಹೋದ್ರೆ ಕಾವಲುಗಾರನ್ನ ಎತ್ತಾಕ್ಕೊಂಡು ಹೋಗ್ತಾರೆ. ಬೀಗದ ಕೈ ಅವನ ಹತ್ರ ಇದ್ದದ್ದು, ಬೀಗ ಒಡೆದಿಲ್ಲ. ಅವರಿಗೆ ಅಷ್ಟೇ ಸಾಕು."

ಒಳಕೋಣೆ ನಾನಂದುಕೊಂಡಷ್ಟು ದೊಡ್ಡದಿರಲಿಲ್ಲ. ಸಾಧಾರಣ ಮನೆಯ ಹಜಾರದಷ್ಟು. ನೆಲ ಮಟ್ಟಸ. ಒಂದು ಮೂಲೆಯಲ್ಲಿ ಮಾತ್ರ, ಅಗೆತದ ಕಾಲದಲ್ಲಿ ಸಾಕ್ಷಿಗೆಂದು ಅಗೆಯದೆ ಬಿಟ್ಟ ಮಣ್ಣಿನ ಕಂಬವೊಂದು ಗಾಜಿನ ಹಿಂದೆ ನಿಂತಿತ್ತು. ಅದರಲ್ಲಿ ಬಣ್ಣಬಣ್ಣದ ಪದರಗಳು, ನಡುವೆ ಒಂದು ಕಪ್ಪು ಗೆರೆ, ಪಕ್ಕದಲ್ಲಿ ಚೀಟಿ.

ಬಲಗೋಡೆಯ ಮೇಲೆ ಕೈಗಳು.

ಗೋಡೆಗೆ ಅಂಗೈ ಒತ್ತಿ, ನೀರಲ್ಲಿ ಕದಡಿದ ಕೆಮ್ಮಣ್ಣನ್ನು ಬಾಯಲ್ಲಿ ತುಂಬಿಕೊಂಡು ಅದರ ಮೇಲೆ ಊದಿದರೆ, ಕೈ ತೆಗೆದಾಗ ಕೈಯಷ್ಟೇ ಜಾಗ ಕಲ್ಲಿನ ಬಣ್ಣದಲ್ಲಿ ಉಳಿದು ಸುತ್ತ ಕೆಂಪು ನಿಲ್ಲುತ್ತದೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಹನ್ನೆರಡು ಮಂದಿ ಹಾಗೆ ಮಾಡಿ ಹೋಗಿದ್ದರು ಎಂದು ಲೋಕ ನಂಬಿತ್ತು. ಅದರಲ್ಲಿ ಹನ್ನೆರಡನೆಯದು ಎಲ್ಲಕ್ಕಿಂತ ಹೆಸರಾದದ್ದು. ಉಳಿದವುಗಳಲ್ಲಿ ಹೆಚ್ಚಿನವನ್ನು ತಲೆಯೆತ್ತಿ ನೋಡಬೇಕು. ಇದೊಂದು ನಿಂತವರ ಎದೆಮಟ್ಟಕ್ಕಿತ್ತು. ಬಂದವರೆಲ್ಲ ತಮ್ಮ ಕೈಯನ್ನು ಅದರೆದುರು ಗಾಳಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಟಿಕೆಟ್ಟಿನ ಮೇಲೆ ಅದೇ ಕೈ. ಗುಹೆ ಅಗೆಸಿದ ಮೇಷ್ಟ್ರ ಪುಸ್ತಕದ ಮುಖಪುಟದಲ್ಲೂ ಅದೇ.

"ಮೇಲಿನವು ಅಷ್ಟೆತ್ತರ ಯಾಕೆ?" ಎಂದು ನಾನು ಕಾವಲುಗಾರನನ್ನು ಕೇಳಿದೆ.

"ಏಳಡಿ ಜನ ಇದ್ರು ಅಂತ ಶಾಲೆ ಮಕ್ಕಳಿಗೆ ಹೇಳ್ತೀನಮ್ಮ. ನಗ್ತಾರೆ. ಕಲ್ಲು ಹತ್ತಿ ನಿಂತಿರಬೇಕು, ಇನ್ನೇನು."

ಸರಪಳಿ ಸಾಹೇಬರು ಭೂತಗನ್ನಡಿ ಹಿಡಿದು ಅಳಿಸಿದ ಜಾಗದ ಮುಂದೆ ಮಂಡಿಯೂರಿದ್ದರು.

"ಕೆರೆದ ಗುರುತಿಲ್ಲ" ಎಂದರು. "ಉಳಿ ತಾಗಿಲ್ಲ. ಬರೀ ನೀರು ಮತ್ತೆ ಹತ್ತಿ. ಬರ್ಕೊ."

ಬರೆದುಕೊಂಡೆ.

"ಇದರ ಮೇಲಿರೋ ಸಣ್ಣ ಕೈ—ಅದು ಮಗುವಿನದಾ?"

"ಹನ್ನೊಂದನೇದು ಸಾರ್. ಮಗೂದೇ."

"ಎರಡು ಬೆರಳಿನಷ್ಟು ಅಂತರ ಇಲ್ಲ. ಆದ್ರೂ ಅದಕ್ಕೆ ಒಂದು ಹನಿ ನೀರು ತಾಗಿಲ್ಲ." ಅವರು ಟಾರ್ಚನ್ನು ಓರೆಯಾಗಿ ಹಿಡಿದರು. "ಒದ್ದೆ ನಿಂತ ಅಂಚು ಗೆರೆ ಎಳೆದ ಹಾಗಿದೆ. ಇಲ್ಲಿ, ಇಲ್ಲಿ—ಧೂಳು ಎದ್ದುಹೋದ ಎರಡು ಚೌಕ. ಕಂಡಿತಾ?"

ಕಂಡಿತು. ಏನೂ ಅರ್ಥವಾಗಲಿಲ್ಲ. ಅದನ್ನೂ ಬರೆದುಕೊಂಡೆ.

ಅವರು ಎದ್ದು, ಮಂಡಿ ಒರೆಸಿಕೊಂಡು, ಕಾವಲುಗಾರನ ಕಡೆ ತಿರುಗಿದರು.

"ಸೋಮವಾರ ಗುಹೆಗೆ ರಜ. ನೀನು ಎಲ್ಲಿದ್ದೆಯಪ್ಪಾ?"

"ಇಲ್ಲೇ ಸಾರ್."

"ಇಡೀ ದಿನ?"

"ಇಡೀ ದಿನ."

"ಬೀಗದ ಕೈ?"

"ಸೊಂಟದಲ್ಲೇ."

"ಬೇರೆ ಯಾರ ಹತ್ರ ಇದೆ?"

"ಮೇಷ್ಟ್ರ ಹತ್ರ ಒಂದು. ಆದ್ರೆ ಅವರು ಬಂದು ಎರಡು ವರ್ಷ ಆಯ್ತು. ಮೆಟ್ಟಿಲು ಹತ್ತಕ್ಕಾಗಲ್ಲ."

ಸಾಹೇಬರು ಮತ್ತೇನೂ ಕೇಳಲಿಲ್ಲ. ಟಿಕೆಟ್ ಕೋಣೆಗೆ ಬಂದಾಗ, ಬಾಗಿಲ ಸಂದಿಯಿಂದ ಒಳಗೆ ಬಿದ್ದು ಬೆಂಚಿನ ಕೆಳಗೆ ಸರಿದಿದ್ದ ಅಂಚೆಯ ಚೀಟಿಯೊಂದನ್ನು ಎತ್ತಿಕೊಂಡರು. ಪ್ರಯೋಗಾಲಯದಿಂದ ರಿಜಿಸ್ಟರ್ಡ್ ಪತ್ರ ಬಂದಿತ್ತೆಂಬ ಸೂಚನೆ. ಸೋಮವಾರ, ಹನ್ನೊಂದೂವರೆ. 'ಕೂಗಿದರೂ ಯಾರೂ ಇಲ್ಲ' ಎಂದು ಅಂಚೆಯವನು ಬರೆದಿದ್ದ.

ಚೀಟಿ ನೋಡಿದ್ದೇ ಕಾವಲುಗಾರನ ಮುಖ ಇಳಿದುಹೋಯಿತು.

"ಎಲ್ಲಿಗೆ ಹೋಗಿದ್ದೆ?"

ಅವನು ಬೆಂಚನ್ನು ಗೋಡೆಗೆ ಸರಿಸಿದ.

"ನೋಡು, ನೀನು ಇಲ್ಲಿದ್ದೆ ಅಂದ್ರೆ ನೀನೇ ಅಳಿಸಿದೆ ಅಂತಾಗುತ್ತೆ. ಇಲ್ಲ ಅಂದ್ರೆ ಕೆಲಸ ಬಿಟ್ಟು ಹೋದೆ ಅಂತಾಗುತ್ತೆ. ಯಾವುದು ಬೇಕು ನೀನೇ ಆರಿಸ್ಕೊ."

"ಮಗಳಿಗೆ ಹೆರಿಗೆ ಸಾರ್" ಎಂದ ಕೊನೆಗೆ. "ಅಳಿಯ ಊರಲ್ಲಿಲ್ಲ. ಆಸ್ಪತ್ರೇಲಿ ಒಬ್ಬಳೇ ಇದ್ಲು. ರಜ ಕೇಳಿದ್ರೆ ಗುರುವಾರ ಪ್ರಯೋಗಾಲಯದೋರು ಬರೋದಿದೆ, ಆಗಲ್ಲ ಅಂದ್ರು. ಬೆಳಿಗ್ಗೆ ಹೋಗಿ ಸಂಜೆ ಬಂದೆ. ಈ ಕೆಲಸ ಬಿಟ್ರೆ ನನಗೆ ಬೇರೆ ಗತಿ ಇಲ್ಲ ಸಾರ್."

"ಬೀಗದ ಕೈ ಜೊತೇಲಿ ತಗೊಂಡು ಹೋಗಿದ್ಯಾ?"

ಅವನು ತಡೆದ. ಒಂದು ಕ್ಷಣವೇ. ಆಮೇಲೆ, "ಹೂಂ ಸಾರ್. ಸೊಂಟದಲ್ಲೇ" ಎಂದ.

ಸಾಹೇಬರು ನನ್ನ ಕಡೆ ನೋಡಿದರು. ಆ ತಡೆದದ್ದನ್ನು ಬರೆಯುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಒಂದು ಅಡ್ಡಗೆರೆ ಎಳೆದೆ.

ಗುಹೆಯಿಂದ ನೂರು ಹೆಜ್ಜೆಯಲ್ಲಿ ಇಲಾಖೆಯ ಎರಡು ಕೋಣೆಗಳಿದ್ದವು. ಒಂದರಲ್ಲಿ ಚಿತ್ರಗಾರ್ತಿ ಕೆಲಸ ಮಾಡುತ್ತಾರೆ, ಇನ್ನೊಂದರಲ್ಲಿ ಮಲಗುತ್ತಾರೆ. ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ ಗೋಡೆಚಿತ್ರಗಳ ನಕಲು ತೆಗೆಯಲು ಬಂದವರು, ಈಗ ಐವತ್ತೊಂಬತ್ತು. ಇಷ್ಟು ವರ್ಷದಲ್ಲಿ ಗುಹೆಯ ಒಂದೊಂದು ಗೆರೆಯನ್ನೂ ಪಾರದರ್ಶಕ ಹಾಳೆಯ ಮೇಲೆ ಇಳಿಸಿದ್ದಾರೆ. ಹಾಳೆಗಳು ಗೋಡೆಯುದ್ದಕ್ಕೂ ಉದ್ದನೆಯ ತಗಡಿನ ಕೊಳವೆಗಳಲ್ಲಿ ಸುರುಳಿಯಾಗಿ ನಿಂತಿದ್ದವು. ಮೇಜಿನ ಬಳಿ ಎರಡನೇ ಕುರ್ಚಿಗೆ ಜಾಗ ಇದ್ದರೂ ಕುರ್ಚಿ ಇರಲಿಲ್ಲ. ನನಗೆಂದು ಅವರು ಹಾಸಿಗೆಯ ಕೋಣೆಯಿಂದ ಸ್ಟೂಲು ತಂದರು.

"ಸೋಮವಾರ ತಲೆನೋವಿತ್ತು" ಎಂದರು. "ಮಲಗಿದ್ದೆ."

"ಯಾರಾದರೂ ಬಂದ್ರಾ?"

"ಇಲ್ಲಿಗೆ ಯಾರು ಬರ್ತಾರೆ?"

ಹೇಳಿದ ರೀತಿಯಲ್ಲಿ ದೂರಿರಲಿಲ್ಲ. ಹವಾಮಾನ ಹೇಳಿದಂತೆ ಹೇಳಿದರು.

"ಪ್ರಯೋಗಾಲಯದವರು ಗುರುವಾರ ಯಾಕೆ ಬರ್ತಿದಾರೆ?"

"ಬಣ್ಣದ ವಯಸ್ಸು ನೋಡೋಕೆ. ಹನ್ನೆರಡನೇ ಕೈಯಿಂದ ಸೂಜಿಮೊನೆಯಷ್ಟು ಕೆರೆದುಕೊಂಡು ಹೋಗ್ತಾರಂತೆ."

"ಹನ್ನೆರಡನೇದೇ ಯಾಕೆ?"

"ಅದೇ ತಾನೆ ಎಲ್ಲರಿಗೂ ಗೊತ್ತಿರೋದು."

"ನಿಮಗೆ ಬೇಜಾರಾಯ್ತಾ, ಅದು ಹೋಗಿದ್ದು?"

ಅವರು ಮೇಜಿನ ಮೇಲಿದ್ದ ಹಾಳೆಯ ಮಡಿಕೆ ಸರಿಮಾಡಿ, ಅದರ ಮೂಲೆಗೆ ತೆಳ್ಳನೆಯ ಬಿಳಿ ಪಟ್ಟಿಯೊಂದನ್ನು ಅಂಟಿಸಿದರು. ಕೈ ಒಂದಿಷ್ಟೂ ಅಲುಗಲಿಲ್ಲ. ಹೊರಡುವಾಗ ಒಂದೇ ಮಾತು ಕೇಳಿದರು.

"ಕಾವಲುಗಾರನಿಗೆ ಏನಾಗುತ್ತೆ?"

"ನಾಳೆ ಐದಕ್ಕೆ ಪೊಲೀಸರು ಬರ್ತಾರೆ."

"ಅವನು ಮಾಡಿಲ್ಲ."

"ಗೊತ್ತಾ ನಿಮಗೆ?"

"ಅವನು ಅಂಥವನಲ್ಲ" ಎಂದಷ್ಟೇ ಹೇಳಿ ಬಾಗಿಲು ಹಿಡಿದು ನಿಂತರು.

ಮೇಷ್ಟ್ರ ಮನೆ ಪೇಟೆಯಲ್ಲಿತ್ತು. ಮಹಡಿಯ ಮೇಲೆ ನಾಲ್ಕು ಕೋಣೆ, ನಾಲ್ಕರಲ್ಲೂ ಪುಸ್ತಕ. ವಯಸ್ಸು ಎಪ್ಪತ್ನಾಲ್ಕು. ಮದುವೆ ಆಗಿರಲಿಲ್ಲ. ಗುಹೆಯನ್ನು ಅಗೆಸಿದವರೂ ಕೈಗಳ ಬಗ್ಗೆ ಬರೆದವರೂ ಅವರೇ. ಟೀ ಲೋಟ ಎತ್ತಿದಾಗ ಬೆರಳುಗಳು ನಡುಗಿ ಅರ್ಧ ಟೀ ತಟ್ಟೆಗೆ ಚೆಲ್ಲಿತು. ಅವರು ತಟ್ಟೆಯಿಂದಲೇ ಕುಡಿದರು.

"ನನ್ನ ಕೈ ನನ್ನ ಮಾತು ಕೇಳೋದು ಬಿಟ್ಟು ಐದು ವರ್ಷ ಆಯ್ತು" ಎಂದು ನಕ್ಕರು. "ಸಹಿ ಹಾಕಿದ್ರೆ ಬ್ಯಾಂಕಿನವರು ನಾನಲ್ಲ ಅಂತಾರೆ."

"ನಿಮ್ಮ ಬೀಗದ ಕೈ?"

"ಆ ಮೊಳೆಗೆ ನೇತು ಹಾಕಿದೆ."

ಇತ್ತು. ಮೇಲೆ ಧೂಳು ಕೂತಿತ್ತು.

"ಹನ್ನೆರಡನೇ ಕೈಯ ಪರೀಕ್ಷೆ ಬೇಡ ಅನ್ನಿಸಿತ್ತಾ ನಿಮಗೆ?"

"ನಾನೇ ಒಪ್ಪಿಗೆ ಕೊಟ್ಟಿದ್ದು."

"ಇಷ್ಟು ವರ್ಷ ಯಾಕೆ ಕೊಡಲಿಲ್ಲ?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಯಾರೂ ಕೇಳಿರಲಿಲ್ಲ."

ಸಾಹೇಬರು ಅವರ ಎರಡು ಪುಸ್ತಕಗಳನ್ನು ಎರವಲು ಕೇಳಿದರು. ಮೊದಲನೆಯದು ಅಗೆತದ ವರದಿ, ಎರಡನೆಯದು ಕೈಗಳ ವಿವರ. ಕೊಡುವಾಗ ಮೇಷ್ಟ್ರು ಎರಡನೆಯದನ್ನು ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಂತೆ ನನಗನ್ನಿಸಿತು. ನಡುಕವೂ ಇರಬಹುದು.

ಜೀಪಿನಲ್ಲಿ ನಾನೇ ಬಾಯಿಬಿಟ್ಟೆ. "ಸಾರ್, ಇವರೇ. ಪರೀಕ್ಷೆ ಆದ್ರೆ ಮರ್ಯಾದೆ ಹೋಗೋದು ಇವರದೇ."

"ಮರ್ಯಾದೆ ಯಾಕೆ ಹೋಗುತ್ತೆ? ಕೈ ಹಳೇದಾಗಿದ್ರೆ?"

"ಹಳೇದಲ್ಲದಿದ್ರೆ?"

ಸಾಹೇಬರು ಮೆಚ್ಚಿದವರಂತೆ ತಲೆಯಾಡಿಸಿದರು. "ಅದು ಸರಿಯಾದ ಪ್ರಶ್ನೆ. ಸಾವಿರಾರು ವರ್ಷ ಕಲ್ಲು ಕುಡಿದ ಬಣ್ಣ ಒದ್ದೆ ಹತ್ತಿಗೆ ಬರುತ್ತಾ? ಆದ್ರೆ ನಡುಗೋ ಕೈಲಿ ಎರಡು ಬೆರಳಿನ ಅಂತರ ಕಾಯ್ದುಕೊಂಡು ಒರೆಸೋಕಾಗುತ್ತಾ? ಅದೂ ಪ್ರಶ್ನೆಯೇ."

ಬುಧವಾರ ಮೂರು ಗಂಟೆಗೆ ಅವರು ಎಲ್ಲರನ್ನೂ ಒಳಕೋಣೆಗೆ ಕರೆಸಿದರು. ಕಾವಲುಗಾರ ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಬ್ಬನ ಸಹಾಯದಿಂದ ಮೆಟ್ಟಿಲು ಹತ್ತಿಸಿಕೊಂಡು ಬಂದ. ಚಿತ್ರಗಾರ್ತಿ ಬಾಗಿಲ ಬಳಿ ನಿಂತರು. ಮೇಷ್ಟ್ರು ಅವರನ್ನು ನೋಡಿ ತಲೆ ಬಾಗಿಸಿದರು, ಅವರೂ ಬಾಗಿಸಿದರು. ಎರಡು ವರ್ಷದ ಮೇಲೆ ಭೇಟಿಯಾದವರ ನಡುವೆ ಅಷ್ಟೇ ಮಾತುಕತೆ.

ಸಾಹೇಬರ ಕೈಯಲ್ಲಿ ಮೇಸ್ತ್ರಿಗಳು ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪು ಇತ್ತು. ಒಂದು ಉಂಡೆ ದಾರವೂ.

"ಮೇಷ್ಟ್ರೇ, ಈ ಗಾಜಿನೊಳಗಿರೋ ಕಪ್ಪು ಗೆರೆ ಏನು?"

"ಒಲೆಯ ಬೂದಿ. ಚೀಟಿಯಲ್ಲೇ ಇದೆಯಲ್ಲ."

"ಯಾರ ಒಲೆ?"

"ಈ ಕೈ ಮೂಡಿಸಿದ ಜನರದು. ಕೆಮ್ಮಣ್ಣಿನ ಉಂಡೆ ಅದೇ ಪದರದಲ್ಲಿ ಸಿಕ್ಕಿತು."

"ಅದರ ಕೆಳಗೆ?"

"ಜೇಡಿಮಣ್ಣು. ಖಾಲಿ. ಒಂದು ಮೂಳೆ ಚೂರೂ ಇಲ್ಲ."

"ಅಂದ್ರೆ ಅವರು ಬರೋಕೆ ಮೊದಲೇ ಆ ಜೇಡಿ ಇಲ್ಲಿ ತುಂಬಿತ್ತು. ಅದರ ಮೇಲೆ ನಿಂತು ಒಲೆ ಹೂಡಿದ್ರು. ಆಗಿನ ನೆಲ ಈ ಕಪ್ಪು ಗೆರೆ. ಈಗ ನಾವು ನಿಂತಿರೋದು ನೀವು ಅಗೆಸಿದ ಮೇಲೆ ಉಳಿದ ನೆಲ—ನಾಲ್ಕಡಿ ಎರಡಂಗುಲ ಕೆಳಗೆ. ಹೌದಾ?"

ಮೇಷ್ಟ್ರು ಕಪ್ಪು ಗೆರೆಯನ್ನೊಮ್ಮೆ, ಕಾಲ ಕೆಳಗಿನ ನೆಲವನ್ನೊಮ್ಮೆ ನೋಡಿದರು. "ಹೌದು" ಎಂದರು.

"ಅವರು ಏಳಡಿ ಜನ ಅಲ್ಲ ಕಣಯ್ಯ" ಎಂದು ಸಾಹೇಬರು ಕಾವಲುಗಾರನಿಗೆ ಹೇಳಿದರು. "ನಮ್ಮ ಹಾಗೇ ಇದ್ದೋರು. ನೆಲ ಎತ್ತರದಲ್ಲಿತ್ತು, ಅಷ್ಟೇ."

ಅವರು ಪೈಪಿನ ಒಂದು ತುದಿಯನ್ನು ಬೂದಿಗೆರೆಯ ಮಟ್ಟಕ್ಕೆ ನನ್ನ ಕೈಲಿ ಹಿಡಿಸಿ, ಇನ್ನೊಂದನ್ನು ಕೈಗಳ ಗೋಡೆಯ ಬಳಿ ಹಿಡಿದರು. ನೀರು ಅಲುಗಾಡಿ ನಿಂತಿತು. ಆ ಮಟ್ಟಕ್ಕೆ ಸರಿಯಾಗಿ, ಗೋಡೆಗೆ ತಾಗದಂತೆ ಎರಡು ಕೋಲುಗಳ ನಡುವೆ ದಾರ ಬಿಗಿದರು.

ಹನ್ನೊಂದು ಕೈ ದಾರದ ಮೇಲಿದ್ದವು. ಎಲ್ಲಕ್ಕಿಂತ ಕೆಳಗಿನ ಮಗುವಿನ ಕೈ ದಾರಕ್ಕಿಂತ ಒಂದಂಗುಲ ಮೇಲೆ. ನೆಲದ ಮೇಲೆ ಕೂತ ಮಗು ಪಕ್ಕದ ಗೋಡೆಗೆ ಕೈಯಿಟ್ಟ ಹಾಗೆ. ಅಳಿಸಿದ ಜಾಗ ಮಾತ್ರ ಬೆರಳ ತುದಿಯಿಂದ ಮಣಿಕಟ್ಟಿನ ತನಕ ಪೂರ್ತಿ ದಾರದ ಕೆಳಗಿತ್ತು.

"ಈ ಕೈ ಮೂಡಿದ್ದು ಮಣ್ಣಿನ ಒಳಗೆ" ಎಂದರು ಸಾಹೇಬರು. "ಆಗುತ್ತಾ? ಅಂಗೈ ಇಡೋಕೆ ಗೋಡೆಯೇ ಕಾಣ್ತಿರಲಿಲ್ಲ. ಮಣ್ಣು ಅಗೆದು ತೆಗೆದ ಮೇಲೆ, ಈ ನೆಲದಲ್ಲಿ ನಿಂತವರು ಮಾತ್ರ ಇದನ್ನ ಮಾಡಬಹುದು. ಎದೆಮಟ್ಟ ಅಂತ ಎಲ್ರೂ ಪ್ರೀತಿಸಿದ್ರಲ್ಲ—ಅದೇ ಕುರುಹು. ಕಣ್ಣೆದುರೇ ಇತ್ತು. ಹತ್ತಿರ ಇದ್ದದ್ದಕ್ಕೇ ಯಾರೂ ಅಳೆಯಲಿಲ್ಲ."

"ಯಾರೂ ಅಳೆಯಲಿಲ್ಲವಾ?" ನಾನು ಬಾಯಿಹಾಕಿದೆ. ಸ್ಟೆನೊ ಬಾಯಿಹಾಕಬಾರದು. ಆದರೂ.

"ಒಬ್ಬರು ಅಳೆದ್ರು." ಸಾಹೇಬರು ಎರಡು ಪುಸ್ತಕಗಳನ್ನು ಮುಂದಿಟ್ಟರು. "ಮೊದಲನೇ ಪುಸ್ತಕದಲ್ಲಿ ಎಲ್ಲ ಅಳತೆಯೂ ಬಾಗಿಲ ಮೇಲಿನ ಒಂದು ಮೊಳೆಯಿಂದ. ಎರಡನೇದರಲ್ಲಿ ಕೈಗಳ ಎತ್ತರ ಮಾತ್ರ ಈಗಿನ ನೆಲದಿಂದ. ನಾನು ಮೂವತ್ತೆಂಟು ವರ್ಷ ಅಳತೆ ಮಾಡಿದೋನು. ಒಂದೇ ಜಾಗಕ್ಕೆ ಎರಡು ಸೊನ್ನೆ ಇಟ್ಟು ಎರಡು ಕಡೆಯಿಂದ ಅಳೆಯೋನು ಒಂದೋ ದಡ್ಡ, ಇಲ್ಲಾ ಎರಡು ಲೆಕ್ಕ ಪರಸ್ಪರ ಭೇಟಿ ಆಗಬಾರದು ಅನ್ನೋನು. ಮೇಷ್ಟ್ರು ದಡ್ಡರಲ್ಲ."

ಮೇಷ್ಟ್ರ ಕೈಗಳು ಮಡಿಲಲ್ಲಿ ಕುಣಿಯುತ್ತಿದ್ದವು. ಅವರು ಒಂದನ್ನು ಇನ್ನೊಂದರಿಂದ ಅದುಮಿದರು.

"ಆದ್ರೆ ಅಳಿಸಿದ್ದು ಇವರಲ್ಲ. ಅಳಿಸಿದವರು ಮಗುವಿನ ಕೈ ಒದ್ದೆ ಆಗದ ಹಾಗೆ ಮೊದಲು ಅದರ ಮೇಲೆ ಪಾರದರ್ಶಕ ಹಾಳೆ ಹೊದಿಸಿದಾರೆ. ಕಲೆ ಉಳಿಸದ ಅಂಟುಪಟ್ಟಿ ಹಾಕಿ ನಿಲ್ಲಿಸಿದಾರೆ. ಧೂಳು ಎದ್ದ ಆ ಎರಡು ಚೌಕ ಅದರದು. ಹಾಳು ಮಾಡೋಕೆ ಬಂದೋನು ಪಕ್ಕದ ಕೈಗೆ ಹೊದಿಕೆ ಹೊದಿಸ್ತಾನಾ? ನಕಲು ತೆಗೆಯೋವಾಗ ದಿನಾ ಹಾಗೆ ಹಾಳೆ ಹಚ್ಚೋರು ಒಬ್ಬರೇ. ಸೋಮವಾರ ಬೀಗದ ಕೈ ಯಾರ ಹತ್ರ ಇತ್ತು ಅಂತ ಕಾವಲುಗಾರ ಇನ್ನೂ ಹೇಳಿಲ್ಲ. ಹೇಳೋದೂ ಇಲ್ಲ. ಅವರನ್ನ ಅಕ್ಕ ಅಂತ ಕರೀತಾನಲ್ಲ."

"ನನ್ನ ಹತ್ರ ಇತ್ತು" ಎಂದರು ಚಿತ್ರಗಾರ್ತಿ.

"ಅಕ್ಕಾ—" ಎಂದ ಕಾವಲುಗಾರ.

"ಸಾಕು ಬಿಡಪ್ಪ. ಮಗಳನ್ನ ನೋಡಿ ಬಾ ಅಂತ ನಾನೇ ಕಳಿಸಿದ್ದು. ನಿನ್ನ ಮೇಲೆ ಬರುತ್ತೆ ಅಂತ ಆಗ ಹೊಳೀಲಿಲ್ಲ. ನಿನ್ನೆಯಿಂದ ಹೇಳಬೇಕು ಹೇಳಬೇಕು ಅಂತ... ಹೇಳಿದ್ರೆ ನಮ್ಮ ಮೇಷ್ಟ್ರು ಸರ್ ಹೆಸರು ಮಣ್ಣುಪಾಲಾಗ್ತಿತ್ತು. ಹೇಳದಿದ್ರೆ ನೀನು. ರಾತ್ರಿಯೆಲ್ಲ ಆ ಕಡೆ ಈ ಕಡೆ ತೂಗಿದೆ." ಅವರು ಸಾಹೇಬರ ಕಡೆ ತಿರುಗಿದರು. "ಅಳಿಸಿದ್ದೂ ನಾನೇ. ಮಾಡಿದ್ದೂ ನಾನೇ."

ನನ್ನ ಪೆನ್ಸಿಲ್ ನಿಂತುಹೋಯಿತು.

"ಯಾವಾಗ?" ಎಂದರು ಸಾಹೇಬರು, ಮೆಲ್ಲಗೆ.

"ಬಂದ ಮೊದಲ ವರ್ಷ. ಅಗೆತ ಮುಗಿದಿತ್ತು. ಸರ್ ಎರಡು ತಿಂಗಳು ವಿದೇಶಕ್ಕೆ ಹೋಗಿದ್ರು, ಉಳಿದವರು ಅವರವರ ಮನೆಗೆ. ಗೋಡೆಯ ಮೇಲಿನ ಒಣಜೇಡಿ ಒರೆಸು ಅಂತ ನನ್ನೊಬ್ಬಳನ್ನ ಬಿಟ್ಟಿದ್ರು. ಒಂದು ದಿನ ಕಾಗದ ಬಂತು. ಅಮ್ಮ ತೀರಿಕೊಂಡು ಹನ್ನೆರಡು ದಿನ ಆಗಿತ್ತು. ಎಲ್ಲ ಮುಗಿದಿತ್ತು. ಹೋಗಿ ಮಾಡೋದೇನೂ ಉಳಿದಿರಲಿಲ್ಲ. ಹೇಳೋಣ ಅಂದ್ರೆ ಎರಡು ಮೈಲಿ ಒಳಗೆ ಒಂದು ನರಪಿಳ್ಳೆ ಇಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಬಂದೆ. ಬೇರೆ ಎಲ್ಲಿಗೆ ಹೋಗಲಿ?"

ಅವರು ಗೋಡೆಯನ್ನು ನೋಡುತ್ತಿದ್ದರು.

"ಇಲ್ಲಿ ಹನ್ನೊಂದು ಜನ ಇದ್ರು. ಒಬ್ಬರ ಪಕ್ಕ ಒಬ್ಬರು ನಿಂತು ಕೈ ಇಟ್ಟಿದ್ರು. ಮಗೂನೂ ಎತ್ಕೊಂಡು ಬಂದಿದ್ರು. ಮಗುವಿನ ಕೆಳಗೆ ಜಾಗ ಖಾಲಿ ಇತ್ತು. ಕೆಮ್ಮಣ್ಣು ಕಲಸಿ ಬಾಯಿಗೆ ಹಾಕ್ಕೊಂಡೆ. ಎರಡು ದಿನ ಹಲ್ಲು ಕೆಂಪಗಿತ್ತು. ಆಮೇಲೆ ತೊಳೆದುಬಿಡೋಣ ಅಂತಿದ್ದೆ. ಅವತ್ತೇ ಜ್ವರ ಬಂತು. ಎದ್ದು ಬರೋಷ್ಟರಲ್ಲಿ ಸರ್ ವಾಪಸ್ ಬಂದು ಇದರ ಮುಂದೆ ನಿಂತಿದ್ರು. ಕಣ್ಣಲ್ಲಿ ನೀರು. 'ಜೇಡಿ ಒರೆಸುವಾಗ ಸಿಕ್ಕಿತಾ?' ಅಂತ ಕೇಳಿದ್ರು. ನಾನು ತಲೆ ಆಡಿಸಿದೆ. ಅಷ್ಟೇ. ಬಾಯಿಬಿಟ್ಟು ಸುಳ್ಳೂ ಹೇಳಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಹೊತ್ತಿಗೆ ಪತ್ರಿಕೆಯವರು ಬಂದಿದ್ರು."

"ಗುರುವಾರದ ಪರೀಕ್ಷೆಗೆ ಹೆದರಿದ್ರಾ?"

"ನನಗೇನು, ಇನ್ನೊಂದು ವರ್ಷಕ್ಕೆ ನಿವೃತ್ತಿ. ಒಂದು ಸುಳ್ಳು ಅಂತಾದ್ರೆ ಉಳಿದ ಹನ್ನೊಂದನ್ನೂ ಯಾರು ನಂಬ್ತಾರೆ? ಇವರನ್ನ ಯಾರು ನಂಬ್ತಾರೆ? ಕಳ್ಳತನ ಆಯ್ತು, ಕಿಡಿಗೇಡಿಗಳು ಮಾಡಿದ್ರು ಅಂದುಕೊಳ್ಳಲಿ ಅಂತ..." ಅವರು ಮೇಷ್ಟ್ರ ಕಡೆ ತಿರುಗಿದರು. "ಸರ್, ತಪ್ಪಾಯ್ತು."

ಮೇಷ್ಟ್ರು ಕುರ್ಚಿಯಿಂದ ಏಳಲು ನೋಡಿ, ಆಗದೆ ಕುಳಿತರು.

"ನನಗೆ ಗೊತ್ತಿತ್ತು" ಎಂದರು.

ಚಿತ್ರಗಾರ್ತಿ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ಎರಡನೇ ಪುಸ್ತಕ ಬರೆಯುವಾಗ ನಕ್ಷೆ ಹಾಕಿದೆ. ಅರ್ಧ ಗಂಟೆಯಲ್ಲಿ ಗೊತ್ತಾಯ್ತು. ಯಾರದು ಅಂತಲೂ. ದಿನಾ ಆ ಕೈಯಿಂದ ಹಾಳೆ ಇಸ್ಕೊಳ್ತಿದ್ದೆನಲ್ಲ. ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ, ನೀವು ಹೊರಟುಹೋಗ್ತೀರಿ ಅಂತ ಸುಮ್ಮನಾದೆ. ಹಾಗಂತ ನನಗೆ ನಾನೇ ಹೇಳ್ಕೊಂಡೆ. ಆಮೇಲೆ ಹೆಸರು ಬಂತು, ಬಿರುದು ಬಂತು. ಯಾವ ಕಾರಣ ಮೊದಲಿತ್ತು, ಯಾವುದು ಆಮೇಲೆ ಸೇರಿತು ಅಂತ ಈಗ ಕೇಳಿದ್ರೆ ನನಗೇ ತಿಳಿಯಲ್ಲ. ಪರೀಕ್ಷೆಗೆ ಸಹಿ ಹಾಕಿದ್ದು ಅದಕ್ಕೇ. ಬೇರೆ ಯಾರಾದ್ರೂ ಹೇಳಲಿ, ನಾವಿಬ್ಬರೂ ಹೇಳೋದು ತಪ್ಪಲಿ ಅಂತ."

"ಗೊತ್ತಿದ್ದೂ ಮೂವತ್ತು ವರ್ಷ..." ಎಂದರು ಚಿತ್ರಗಾರ್ತಿ. ಅವರ ಮುಖದಲ್ಲಿ ಆಗ ಕಂಡದ್ದು ಸಮಾಧಾನವಲ್ಲ. ಸಿಟ್ಟು. "ಒಂದು ದಿನ ಕೇಳಬಹುದಿತ್ತಲ್ಲ ಸರ್ ನೀವು? ಯಾಕೆ ಮಾಡಿದೆ ಅಂತ?"



ಐದಕ್ಕೆ ಸಬ್‌ಇನ್ಸ್‌ಪೆಕ್ಟರ್ ಬಂದಾಗ ಸರಪಳಿ ಸಾಹೇಬರು ಹೇಳಿಕೆಯ ಪ್ರತಿ ಕೊಟ್ಟರು. ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ. ಕಾವಲುಗಾರನ ಸೋಮವಾರದ ಗೈರುಹಾಜರಿಯನ್ನೂ ಬರೆಸಿದರು. ಅದರ ಕೆಳಗೆ, ರಜೆ ನಿರಾಕರಿಸಿದ ಅಧಿಕಾರಿಯ ಹೆಸರನ್ನೂ ಬರೆಸಿದರು. ಅವನಿಗೆ ಒಂದು ದಿನದ ಸಂಬಳ ಕಡಿತವಾಯಿತು, ಕೆಲಸ ಉಳಿಯಿತು. ಮೊಮ್ಮಗಳು ಅಂತೆ, ಮೂರು ಕೆಜಿ ತೂಕ. ಪ್ರಯೋಗಾಲಯದವರು ಗುರುವಾರ ಬಂದು ಹನ್ನೊಂದನೆಯ ಕೈಯಿಂದ ಬಣ್ಣ ಕೆರೆದುಕೊಂಡು ಹೋದರು. ಅದು ನಿಜವಾಗಿಯೂ ಹಳೆಯದೆಂದು ವರದಿ ಬಂತು, ಮೇಷ್ಟ್ರು ಬರೆದದ್ದಕ್ಕಿಂತ ಹಳೆಯದು. ಚಿತ್ರಗಾರ್ತಿಯ ಮೇಲಿನ ಪ್ರಕರಣ ದಂಡದಲ್ಲಿ ಮುಗಿಯಿತು. ಕೆಲಸ ಹೋಯಿತು. ಎರಡು ಕೋಣೆ ಖಾಲಿ ಮಾಡಬೇಕಾಯಿತು. ಮೇಷ್ಟ್ರು ತಪ್ಪೊಪ್ಪಿಗೆಯ ಪತ್ರ ಪ್ರಕಟಿಸಿದ ಮೇಲೆ ಅವರ ಬಾಗಿಲಿಗೆ ವಿದ್ಯಾರ್ಥಿಗಳು ಬರುವುದು ನಿಂತಿತು ಎಂದು ಕೇಳಿದೆ.

ಮೂರು ತಿಂಗಳ ನಂತರ ಕಡತ ಮುಚ್ಚಲು ಒಂದು ಸಹಿ ಬೇಕಾಗಿ, ನಾನೊಬ್ಬಳೇ ಮೇಷ್ಟ್ರ ಮನೆಗೆ ಹೋದೆ. ಕೆಳಗಿನ ಗೇಟಿನಲ್ಲೇ ದನಿ ಕೇಳಿಸಿತು. ಮೇಲೆ ಯಾರೋ ಹೆಂಗಸು ಗದರುತ್ತಿದ್ದರು.

"ಅದು ಹೆಬ್ಬೆರಳಲ್ಲ ಸರ್, ಮಣಿಕಟ್ಟಿನ ನೆರಳು! ನಲವತ್ತು ಸಲ ಬರೆದಿದೀನಿ ನಾನು!"

"ನನ್ನ ಕಣ್ಣಿಗೆ ಹೆಬ್ಬೆರಳೇ."

"ನಿಮ್ಮ ಕಣ್ಣಿಗೆ ಏನು ಬೇಕೋ ಅದೇ ಕಾಣೋದು. ಮೊದಲಿಂದಲೂ!"

ಮೇಜಿನ ಎರಡು ತುದಿಯಲ್ಲಿ ಮೇಷ್ಟ್ರೂ ಚಿತ್ರಗಾರ್ತಿಯೂ ಕುಳಿತಿದ್ದರು. ನಡುವೆ ಹಾಳೆಗಳ ರಾಶಿ. ಹನ್ನೊಂದೇ ಕೈಗಳಿರುವ ಹೊಸ ಪುಸ್ತಕ, ಎಲ್ಲ ಅಳತೆಯೂ ಒಂದೇ ಮೊಳೆಯಿಂದ. ಮೇಷ್ಟ್ರು ಹೇಳುವುದು, ಆಕೆ ಬರೆಯುವುದು, ಒಪ್ಪದಿದ್ದರೆ ಬರೆಯದೆ ಇರುವುದು. ಆಕೆ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಾರಂತೆ. ಮೇಷ್ಟ್ರು ನಡುಗುವ ಕೈಯಲ್ಲಿ ನನ್ನ ಕಾಗದಕ್ಕೆ ಸಹಿ ಗೀಚಿದರು. ಕೂರಿ ಎನ್ನಲು ಇಬ್ಬರಿಗೂ ನೆನಪಾಗಲಿಲ್ಲ. ನಾನು ಮೆಟ್ಟಿಲು ಇಳಿಯುವ ಮೊದಲೇ ಹೆಬ್ಬೆರಳು ಮತ್ತೆ ಶುರುವಾಗಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸರಪಳಿ ಸಾಹೇಬರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಹತ್ತು ದಿನವಾಗಿತ್ತು. ಮೊದಲ ಗಂಟೆಗೇ ಎತ್ತಿದರು. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ.

"ಜೋರಾಗಿ ಜಗಳ ಆಡ್ತಿದ್ರಾ?"

"ಹೂಂ ಸಾರ್. ಗೇಟಿನ ತನಕ ಕೇಳಿಸ್ತಿತ್ತು."

"ಒಳ್ಳೇದಾಯ್ತು" ಎಂದರು.  ಅಲ್ಲಿಗೆ ಫೋನ್ ಇಟ್ಟರೇನೋ ಅಂದುಕೊಂಡೆ. ಆಮೇಲೆ, "ನಿನ್ನ ಬಸ್ಸು ಎಷ್ಟೊತ್ತಿಗಮ್ಮ?" ಎಂದು ಕೇಳಿದರು.

"ಇನ್ನೂ ಮುಕ್ಕಾಲು ಗಂಟೆ ಇದೆ ಸಾರ್."

"ಹಾಗಾದ್ರೆ ಮಾತಾಡು" ಎಂದರು.